ಅಟ್ಟೆಯ ತೂತು

ಗೋಧಿ ಕಣಜದ ಗೋಪುರ ಕಾಣುತ್ತಿಲ್ಲ, ಇಷ್ಟು ಹೊತ್ತಿಗೆ ಎಡಗಡೆ ಕಾಣಬೇಕಿತ್ತು, ಹಿಮ ನೆಲದ ಮೇಲೇ ತೆವಳಿಕೊಂಡು ರಸ್ತೆ ದಾಟುತ್ತಿದೆ, ಮೇಲೆ ನೋಡಿದರೆ ಬಿಸಿಲು, ಕೆಳಗೆ ನೋಡಿದರೆ ರಸ್ತೆಯೇ ಇಲ್ಲ, ಹಿಂದಿನ ಸೀಟಿನಲ್ಲಿ ಜಾನೆಲ್ ಹಲ್ಲು ಕಚ್ಚಿಕೊಂಡಿದ್ದಾಳೆ, ಕೂಗಿಕೊಳ್ಳೇ ಮಗಳೇ ಅಂದರೆ ಕೂಗುವುದಿಲ್ಲ, ಅಮ್ಮಾ ನೀನು ರಸ್ತೆ ನೋಡು, ನನ್ನನ್ನಲ್ಲ — ಹೆರಿಗೆ ನೋವಲ್ಲೂ ನಾಲಿಗೆ ಚುರುಕು, ಥೇಟ್ ಕೊಕುಮ್, ನನ್ನಜ್ಜಿ, ಅವಳೂ ಹೀಗೇ. ಟೌನಿನ ಆಸ್ಪತ್ರೆಯ ತಿರುವು ಇಲ್ಲೇ ಮುಂದೆ, ಆದರೆ ಅಲ್ಲಿಗಲ್ಲ, ದೂರದ ಸಾಸ್ಕಟೂನ್ ನಗರಕ್ಕೆ, ಅಲ್ಲಿ ನಮ್ಮ ಬುಡಕಟ್ಟಿನವಳೇ ಒಬ್ಬಳು ಸೂಲಗಿತ್ತಿ ಇದ್ದಾಳೆ, ಇಲ್ಲಿ ಹೋದ ಸಲ ಜಾನೆಲ್‌ಳ ಚೊಚ್ಚಲ ಗಂಡುಕೂಸನ್ನು, ಇನ್ನೂ ಹಾಲು ಕುಡಿಯುತ್ತಿದ್ದುದನ್ನು, ಕೊರಳಿಗೆ ಮಕ್ಕಳ ಇಲಾಖೆಯ ಗುರುತಿನ ಚೀಟಿ ಹಾಕಿದ ಹೆಂಗಸು ಎತ್ತಿಕೊಂಡಳು, ತೂಕ ನೋಡೋಕೆ ಅಂದಳು, ಯಾವ ತಕ್ಕಡಿಯಮ್ಮ ಅದು, ಎರಡು ವರ್ಷವಾದರೂ ಕೆಳಗಿಳಿಸಿಲ್ಲ, ನಿಮ್ಮನೇಲಿ ಜನ ಜಾಸ್ತಿ ಅಂತೆ, ಕೂಸು ಬೆಳೆಸಲು ಜನ ಕಮ್ಮಿ ಇರಬೇಕೇನು.

ಅಜ್ಜಿಯ ಕಾಲದಲ್ಲಿ ನಮ್ಮ ಜನರನ್ನು ಕೂಡಿಹಾಕಿದ್ದ ರಿಸರ್ವಿನ ಗಡಿ ದಾಟಲು ಸರ್ಕಾರದ ಏಜೆಂಟನ ಚೀಟಿ ಬೇಕಿತ್ತು, ಅಮ್ಮನ ಕಾಲದಲ್ಲಿ ಪಾದ್ರಿಗಳ ಶಾಲೆಯ ಟ್ರಕ್ಕು ಬಂದು ಮಕ್ಕಳನ್ನು ತುಂಬಿಕೊಳ್ಳುತ್ತಿತ್ತು, ನನ್ನ ಕಾಲಕ್ಕೆ ಮಕ್ಕಳ ಇಲಾಖೆಯ ಕಾರು, ಹಸಿರು ಕಾರು, ನನ್ನ ತಮ್ಮ ಆಲ್ವಿನ್ ಇನ್ನೂ ಹೆಜ್ಜೆ ಇಡಲು ಕಲಿತಿರಲಿಲ್ಲ — ಅಜ್ಜಿ ಎಲ್ಲ ಕೂಸುಗಳಿಗೂ ಮೆತ್ತನೆ ಚರ್ಮದ ಮೊಕಾಸಿನ್ ಜೋಡು ಹೊಲಿದು ಅಟ್ಟೆಗೆ ಬೇಕೆಂದೇ ಒಂದು ತೂತು ಮಾಡುತ್ತಿದ್ದಳು, ಸಾವು ಬಂದು ಬಾ ಮರಿ ಹೋಗೋಣ ಅಂದರೆ ಕೂಸು ಹೇಳಬೇಕಂತೆ, ಹೆಂಗೆ ಬರ್ಲಿ, ನನ್ನ ಜೋಡು ತೂತಾಗಿದೆ, ದೂರ ನಡೆಯೋಕಾಗಲ್ಲ — ಕಾರಿನ ಹೆಂಗಸು ಆ ತೂತು ನೋಡಿ ಲೊಚಗುಟ್ಟಿದಳು, ಅಯ್ಯೋ ಪಾಪ, ನೆಟ್ಟಗೆ ಒಂದು ಶೂ ಕೂಡ ಇಲ್ಲ ಮಗುಗೆ, ಡಿಕ್ಕಿಯಿಂದ ಹೊಸ ಬಿಳಿ ಶೂ ತೆಗೆದು ತೊಡಿಸಿದಳು, ಹೊರಟ ಕಾರಿನ ಹಿಂದಿನ ಗಾಜಿಗೆ ಒತ್ತಿಕೊಂಡ ಎರಡು ಬಿಳಿ ಅಟ್ಟೆ, ಒಂದು ಗೀರೂ ಇಲ್ಲದವು, ಆಲ್ವಿನ್ ಮತ್ತೆ ಬರಲಿಲ್ಲ, ಅಜ್ಜಿ ಒಲೆ ಮುಂದೆ ಕೂತು ಗೊಣಗಿದ್ದೇ ಗೊಣಗಿದ್ದು, ಗಟ್ಟಿ ಜೋಡು ಹಾಕ್ಬಿಟ್ರಲ್ಲ, ಮಗು ಏನಂತ ನೆಪ ಹೇಳತ್ತೆ.

ನನ್ನ ಚೀಲದಲ್ಲಿರುವ ಪುಟ್ಟ ಮೊಕಾಸಿನ್‌ಗಳಿಗೆ ತೂತಿಲ್ಲ. ಮಣಿ ಪೋಣಿಸಿದೆ, ಮೊಲದ ತುಪ್ಪಳ ಕಟ್ಟಿದೆ, ಕತ್ತರಿಯನ್ನು ಅಟ್ಟೆಗೆ ಇಟ್ಟವಳು ತೆಗೆದುಬಿಟ್ಟೆ, ಯಾರಾದರೂ ಕಂಡರೆ ಹರಕಲು ಜೋಡು ಅಂತ ಬರೆದುಕೊಳ್ಳುತ್ತಾರೆ ಅನ್ನುವ ಹೆದರಿಕೆ, ನನ್ನ ಮೊಮ್ಮಗುವಿಗೆ ಹೊಲಿಯುವಾಗಲೂ ಅವರಿಗೇ ಹೆದರಬೇಕೇ, ಥೂ ನನ್ನ ಜನ್ಮಕ್ಕೆ. ತಿರುವು ದಾಟಿತು, ಸದ್ಯ — ಅಮ್ಮಾ. ಏನೇ. ಅಮ್ಮಾ ಏನೋ ಕೈಗೆ ಸಿಗ್ತಿದೆ. ತಲೆಯಾ? ಅಲ್ಲ, ಕಾಲು, ಅಮ್ಮಾ ಕಾಲು. ಅತ್ತ ದರಿ, ಇತ್ತ ಪುಲಿ, ಸಾಸ್ಕಟೂನ್ ಇನ್ನೂ ಎಲ್ಲೋ ಇದೆ, ಕಾಲು ಮುಂದಾಗಿ ಬರುವ ಕೂಸು ಕಾಯುವುದಿಲ್ಲ, ಟೌನಿನ ಆಸ್ಪತ್ರೆಯ ಕಡೆಗೇ ಕಾರು ತಿರುಗಿಸುತ್ತೇನೆ, ಚಕ್ರ ಜಾರುತ್ತಿದೆ, ಬೇಡಮ್ಮಾ ಅಲ್ಲಿ ಬೇಡ, ಸಾಯ್ತೀಯ ಕಣೇ, ಇಬ್ರೂ ಸಾಯ್ತೀರ, ಮತ್ತೆ ಎತ್ಕೊಂಡು ಹೋಗ್ತಾರೆ, ನಾನಿದೀನಲ್ಲೇ, ಹೋದ್ಸಲನೂ ಇದ್ದೆಯಲ್ಲಮ್ಮಾ — ಇದ್ದೆ, ಗೋಡೆಗೆ ಒರಗಿಕೊಂಡು ಬಾಯಿ ಮುಚ್ಚಿಕೊಂಡು ಇದ್ದೆ.

ಹೆಣ್ಣುಕೂಸು, ನೀಲಿಗಟ್ಟಿತ್ತು, ಆಮೇಲೆ ಅತ್ತಿತು, ಡಾಕ್ಟರು ಉಳಿಸಿದರು, ಅದನ್ನು ಒಪ್ಪಬೇಕು, ಜಾನೆಲ್ ಮಂಚದ ಮೇಲೆ ಮಂಪರಿನಲ್ಲಿ, ಕೂಸು ನನ್ನ ತೊಡೆಯ ಮೇಲೆ, ಮೊದಲು ಈ ಲೋಕಕ್ಕೆ ಬಂದ ಕಾಲು ಇದೇ, ನನ್ನ ಹೆಬ್ಬೆರಳಷ್ಟು, ನರ್ಸಿನ ಟ್ರೇಯಿಂದ ಕತ್ತರಿ ತೆಗೆದುಕೊಂಡೆ, ಯಾರನ್ನೂ ಕೇಳಲಿಲ್ಲ, ಮೊಕಾಸಿನ್ನಿನ ಒಂದು ಅಟ್ಟೆಗೆ ಕಚಕ್, ಇನ್ನೊಂದಕ್ಕೂ ಕಚಕ್, ತೊಡಿಸಿದೆ, ಬಾಗಿಲಲ್ಲಿ ಯಾರೋ, ಕೊರಳಲ್ಲಿ ಚೀಟಿ ತೂಗುತ್ತಿದೆ, ನಗುತ್ತಿದ್ದಾಳೆ, ಅಯ್ಯೋ ಅಜ್ಜಿ, ಇದು ತೂತಾಗಿದೆ, ನಮ್ಮ ಹತ್ರ ಹೊಸದಿದೆ ಕೊಡಿ ಇಲ್ಲಿ, ಕೈಯಲ್ಲಿ ಬಿಳಿ ಶೂ — ಬೇಡ, ಇದು ನನ್ನ ದನಿಯೇ, ಇಷ್ಟು ಗಟ್ಟಿಯಾಗಿ, ಬೇಡ, ಇವಳು ಎಲ್ಲಿಗೂ ಬರಲ್ಲ, ಇವಳ ಜೋಡು ತೂತಾಗಿದೆ, ದೂರ ನಡೆಯೋಕಾಗಲ್ಲ, ಜಾನೆಲ್ ಕಣ್ಣು ಬಿಟ್ಟಳು, ಹೆಂಗಸು ಬಾಗುತ್ತಿದ್ದಾಳೆ, ಜೋಡು ಕಳಚದ ಹಾಗೆ ನನ್ನ ಬೆರಳು ತೂತಿನೊಳಗೆ, ಬೆಚ್ಚಗಿನ ಅಂಗಾಲು, ಬಿಳಿ ಅಟ್ಟೆ ಹತ್ತಿರ ಬರುತ್ತಿದೆ, ಒಂದು ಗೀರೂ ಇಲ್ಲ, ಬೆರಳು ತೆಗೆಯುವುದಿಲ್ಲ, ತೂತು, ತೂತಿನಲ್ಲಿ ಬೆರಳು, ತೂತು