ಅರ್ಧ ನಕ್ಷತ್ರ

ಹನ್ನೊಂದು ವರ್ಷ ಬ್ರೆಡ್ಡು ಸೀಳಿ, ಈರುಳ್ಳಿ ಹೆಚ್ಚಿ, ಕೌಂಟರಿನ ಹಿಂದೆ ನಿಂತು ನಿಂತು ಮಂಡಿನೋವು ತಂದುಕೊಂಡ ಮೇಲೆ ಆ ಹೆಂಗಸನ್ನು ಕಂಪನಿಯವರು ಅಂಗಡಿಯ ಮ್ಯಾನೇಜರ್ ಮಾಡಿದರು. ಬೇರೆ ಬೇರೆ ಊರುಗಳಲ್ಲಿ ನಲವತ್ತು ಸ್ಯಾಂಡ್‌ವಿಚ್ ಅಂಗಡಿಗಳಿದ್ದ ಕಂಪನಿ ಅದು. ಎಲ್ಲ ಕಡೆಯೂ ಒಂದೇ ಹಸಿರು ಬೋರ್ಡು, ಒಂದೇ ಅಳತೆಯ ಬ್ರೆಡ್ಡು, ಬಾಗಿಲ ಪಕ್ಕದಲ್ಲಿ ಒಂದೇ ನಮೂನೆಯ ತಗಡಿನ ಡಬ್ಬಿ. ಡಬ್ಬಿಯ ಪಕ್ಕ ಅಭಿಪ್ರಾಯ ಬರೆಯುವ ಕಾರ್ಡುಗಳು, ದಾರ ಕಟ್ಟಿದ ಪೆನ್ನು. ಕಾರ್ಡಿನ ಕೆಳಗೆ ಐದು ಖಾಲಿ ನಕ್ಷತ್ರ. ತಿಂದದ್ದು ಎಷ್ಟು ಹಿಡಿಸಿತೋ ಅಷ್ಟು ನಕ್ಷತ್ರಗಳನ್ನು ಗಿರಾಕಿ ತುಂಬಬೇಕು.

ದಿನಾ ಬೆಳಿಗ್ಗೆ ಡಬ್ಬಿ ತೆಗೆಯುವುದು ಈಗ ಅವಳ ಕೆಲಸ. ಮೊದಲ ವಾರವೇ ಆ ಕೈಬರಹ ಅವಳ ಕಣ್ಣಿಗೆ ಬಿತ್ತು. ಅಚ್ಚು ಹಾಕಿದಂತಹ ಅಕ್ಷರ. ಕೊಂಬು, ದೀರ್ಘ, ಒತ್ತು ಎಲ್ಲವೂ ಅಳೆದು ಇಟ್ಟ ಹಾಗೆ. ಇಷ್ಟು ಚೆಂದದ ಅಕ್ಷರದಲ್ಲಿ ಅಷ್ಟು ಕೆಟ್ಟ ಮಾತುಗಳನ್ನು ಅವಳು ಎಂದೂ ಓದಿರಲಿಲ್ಲ.

'ಬ್ರೆಡ್ಡು ರಟ್ಟು. ಚೀಸು ಮೇಣ. ಸಾಸಿವೆಯ ಸಾಸು ಹಳದಿ ಬಣ್ಣದ ನೀರು. ಟೊಮೆಟೊ ಈಗಷ್ಟೇ ಹಿಮದಿಂದ ಎದ್ದು ಬಂದಂತಿದೆ.' ಕೆಳಗೆ ಒಂದೇ ಒಂದು ನಕ್ಷತ್ರ, ಅದೂ ಗೀಟು ಎಳೆದು ಸರಿಯಾಗಿ ಅರ್ಧ ತುಂಬಿದ್ದು.

ಬರೆದವರು ಯಾರೆಂದು ಹುಡುಕಬೇಕಾಗಿಯೇ ಇರಲಿಲ್ಲ. ಅಂಗಡಿಗಳಿಗೆ ಬೋರ್ಡು ಬರೆದು ಬರೆದು ವಯಸ್ಸಾದ ಪೇಂಟರ್ ಒಬ್ಬರು ದಿನ ಬಿಟ್ಟು ದಿನ ಮಧ್ಯಾಹ್ನ ಒಂದು ಗಂಟೆಗೆ ಬರುತ್ತಿದ್ದರು. ಕಿಟಕಿ ಪಕ್ಕದ ಮೇಜು, ತರಕಾರಿ ಸ್ಯಾಂಡ್‌ವಿಚ್, ಒಂದು ಲೋಟ ನೀರು. ಪೂರ್ತಿ ತಿಂದು, ಬಾಯಿ ಒರೆಸಿಕೊಂಡು, ಜೇಬಿನಿಂದ ತಮ್ಮದೇ ಪೆನ್ನು ತೆಗೆದು ಬರೆಯುವುದು; ಡಬ್ಬಿಗೆ ಹಾಕಿ, ಯಾರನ್ನೂ ನೋಡದೆ ಹೊರಟುಹೋಗುವುದು.

"ಇಷ್ಟು ಕೆಟ್ಟದಾಗಿದ್ರೆ ಯಾಕೆ ಬರ್ತಾರೋ ಮಹಾನುಭಾವರು!" ಎನ್ನುತ್ತಿದ್ದಳು ಟೋಸ್ಟರಿನ ಹತ್ತಿರ ನಿಲ್ಲುವವಳು. ಕೇಳಿದ ಸುದ್ದಿಗೆಲ್ಲ ತನ್ನದೂ ಒಂದಿಷ್ಟು ಸೇರಿಸಿಯೇ ದಾಟಿಸುತ್ತಿದ್ದುದರಿಂದ ಅವಳಿಗೆ ಒಗ್ಗರಣೆ ಅಕ್ಕ ಎಂದೇ ಹೆಸರಾಗಿತ್ತು. "ಮುಂದಿನ ಸಲ ಬಂದಾಗ ಬ್ರೆಡ್ಡಿನ ಬದಲು ನಿಜವಾದ ರಟ್ಟೇ ಇಡ್ತೀನಿ. ವ್ಯತ್ಯಾಸ ಗೊತ್ತಾಗಲಿ."

"ಬಾಯಿ ಮುಚ್ಚಕ್ಕ. ಹಿರಿಯರು" ಎಂದಳು ಮ್ಯಾನೇಜರ್. ಆದರೆ ಅವಳಿಗೂ ಒಳಗೊಳಗೇ ಉರಿಯುತ್ತಿತ್ತು. ಸೋಮವಾರ ಸೋಮವಾರ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿ ಹೆಡ್ ಆಫೀಸಿಗೆ ಕಳಿಸಬೇಕು. ಬೇರೆ ಗಿರಾಕಿಗಳು ಅವಸರದಲ್ಲಿ 'ಚೆನ್ನಾಗಿದೆ' ಎಂದು ಗೀಚಿ ಹೋಗುವವರು, ಅದೂ ಅಪರೂಪಕ್ಕೆ. ಹೀಗಾಗಿ ಪೇಂಟರರ ಅರ್ಧ ನಕ್ಷತ್ರಗಳು ಅಂಗಡಿಯ ಮಾನವನ್ನು ವಾರವಾರವೂ ಕೆಳಗೆ ಎಳೆಯುತ್ತಿದ್ದವು. ನಲವತ್ತು ಅಂಗಡಿಗಳ ಪಟ್ಟಿಯಲ್ಲಿ ಅವಳದು ಮೂವತ್ತೆಂಟನೆಯದು. ಮೊನ್ನೆಯಷ್ಟೇ ಸಿಕ್ಕ ಕುರ್ಚಿ, ಕೂರುವ ಮೊದಲೇ ಅಲುಗಾಡುತ್ತಿದೆ ಎನಿಸಿತು.

ಅವಳು ತನ್ನ ಕೈಲಾದದ್ದನ್ನು ಮಾಡಿದಳು. ಸಾಸಿವೆ ಸಾಸು ಇನ್ನಷ್ಟು ಹಾಕಿದಳು. ಮೆಣಸಿನ ಪುಡಿ ಹೊಸದಾಗಿ ಕುಟ್ಟಿಸಿದಳು. ಕಾರ್ಡು ಮಾತ್ರ ಬದಲಾಗಲಿಲ್ಲ. 'ನಾಲಗೆ ಚುರುಗುಟ್ಟಿತು. ರುಚಿ ಮಾತ್ರ ಸೊನ್ನೆ.' ಅರ್ಧ ನಕ್ಷತ್ರ.

ಒಂದು ಗುರುವಾರ, ಊಟದ ಹೊತ್ತಿನ ನೂಕುನುಗ್ಗಲಲ್ಲಿ, ಟೋಸ್ಟರಿನ ಸರಪಳಿ ಸಿಕ್ಕಿಹಾಕಿಕೊಂಡು ಆರು ಬ್ರೆಡ್ಡುಗಳು ಒಳಗೇ ಕರಕಲಾದವು. ಅಂಗಡಿಯ ತುಂಬ ಕಮಟು ಹೊಗೆ. ಕಿಟಕಿ ಬಾಗಿಲು ಎಲ್ಲ ತೆರೆದರೂ ಆ ವಾಸನೆ ಗೋಡೆಗೆ ಅಂಟಿದಂತೆ ಕೂತಿತು. ಮೂರು ಜನ ಮೂಗು ಮುಚ್ಚಿಕೊಂಡು ಎದ್ದು ಹೋದರು. ಹೊಗೆ ಚದುರಿದ ಮೇಲೆ, ಆದರೆ ವಾಸನೆ ಇನ್ನೂ ಗಾಢವಾಗಿದ್ದಾಗಲೇ, ಪೇಂಟರ್ ಬಂದರು.

"ಏನಮ್ಮ, ಎಲ್ಲ ಕಿಟಕಿ ತೆಗೆದು ಕೂತಿದೀರಿ? ಗಾಳಿ ಬೀಸಿ ಪೇಪರೆಲ್ಲ ಹಾರ್ತಾ ಇದೆ" ಎಂದರು. ಮುಖದಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ ಮಾತು ಅದು.

ಗಡಿಬಿಡಿಯಲ್ಲಿ ಒಗ್ಗರಣೆ ಅಕ್ಕ ಅವರಿಗೆ ಕೊಟ್ಟದ್ದು ತಳ ಪೂರ್ತಿ ಕಪ್ಪಾಗಿದ್ದ ಬ್ರೆಡ್ಡನ್ನೇ. ಮ್ಯಾನೇಜರ್ ನೋಡುವಷ್ಟರಲ್ಲಿ ಅವರು ಅರ್ಧ ತಿಂದಾಗಿತ್ತು. ತಪ್ಪಾಯಿತೆಂದು ಹೇಳಲು ಅವಳು ಓಡಿ ಬರುವ ಮುಂಚೆಯೇ ಉಳಿದದ್ದೂ ಮುಗಿಯಿತು. ಅವರು ಎಂದಿನಂತೆ ಬರೆದು, ಡಬ್ಬಿಗೆ ಹಾಕಿ ಹೋದರು.

ಅವಳು ಮರುದಿನದವರೆಗೆ ಕಾಯಲಿಲ್ಲ. ಆಗಲೇ ಡಬ್ಬಿ ತೆಗೆದು ಓದಿದಳು. 'ಇಂದು ಗರಿಗರಿಯಾಗಿತ್ತು, ಸಂತೋಷ. ರುಚಿ ಮಾತ್ರ ಎಂದಿನಂತೆ ಸೊನ್ನೆ.' ಕೆಳಗೆ ಒಂದು ಪೂರ್ತಿ ನಕ್ಷತ್ರ.

ಒಗ್ಗರಣೆ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡಿದ್ಯಾ? ಸುಟ್ಟು ಕೊಟ್ರೇನೇ ಇವರಿಗೆ ಪ್ರಸಾದ!"

ಮ್ಯಾನೇಜರಿಗೆ ನಗು ಬರಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳಿಗೆ ಜೋರು ಜ್ವರ ಬಂದು ಹತ್ತು ದಿನ ವಾಸನೆಯೇ ಹೋಗಿತ್ತು. ಒಲೆಯ ಮೇಲೆ ಹಾಲು ಸೀದು ಪಾತ್ರೆ ಕಪ್ಪಾದರೂ ಪಕ್ಕದಲ್ಲೇ ಕೂತಿದ್ದವಳಿಗೆ ಗೊತ್ತಾಗಿರಲಿಲ್ಲ. ಏನು ತಿಂದರೂ ಒದ್ದೆ ಕಾಗದ ಜಗಿದ ಹಾಗೆ. ಉಪ್ಪು, ಹುಳಿ, ಖಾರ ಮಾತ್ರ ನಾಲಗೆಗೆ ತಿಳಿಯುತ್ತಿತ್ತು. ಇದು ಇಂಥದ್ದು ಎಂದು ಹೇಳುವ ರುಚಿ ಇರಲಿಲ್ಲ. ಅವಳು ಡ್ರಾಯರಿನಿಂದ ಹಳೆಯ ಕಾರ್ಡುಗಳನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಇಂದಿನದೂ ಸೇರಿ ಹತ್ತೊಂಬತ್ತು. ರಟ್ಟು, ಮೇಣ, ನೀರು, ಹಿಮ, ಚುರುಗುಟ್ಟಿತು, ಗರಿಗರಿ. ಒಂದರಲ್ಲೂ ಘಮ ಎಂಬ ಮಾತಿರಲಿಲ್ಲ, ನಾತ ಎಂಬ ಮಾತೂ ಇರಲಿಲ್ಲ.

ಶನಿವಾರ ಪೇಂಟರ್ ಬಂದಾಗ ಅವಳು ಎದುರಿಗೆ ಹೋಗಿ ಕೂತಳು. ಕೈಯಲ್ಲಿ ಎರಡು ಸಣ್ಣ ಬಟ್ಟಲುಗಳಿದ್ದವು.

"ಸರ್, ಒಂದು ನಿಮಿಷ ಕಣ್ಣು ಮುಚ್ಕೊಳ್ತೀರಾ? ಇವೆರಡರಲ್ಲಿ ಒಂದು ನೀರು, ಒಂದು ವಿನೆಗರ್. ಮೂಸಿ ನೋಡಿ ಯಾವುದು ಯಾವುದು ಅಂತ ಹೇಳಬೇಕು."

"ಇದೇನು ಆಟ? ನನ್ನ ಅಭಿಪ್ರಾಯ ಕೇಳಿ ಕೇಳಿ ಸಾಕಾಗಿ ಈಗ ನನಗೇ ಪರೀಕ್ಷೆನಾ?"

"ಹಾಗಲ್ಲ ಸರ್. ನನಗೋಸ್ಕರ ಒಂದ್ಸಲ."

ಅವರು ಗೊಣಗುತ್ತಲೇ ಕಣ್ಣು ಮುಚ್ಚಿದರು. ಅವಳು ವಿನೆಗರ್ ಬಟ್ಟಲನ್ನು ಮೂಗಿನ ಹತ್ತಿರ ಹಿಡಿದಳು. ಪಕ್ಕದ ಮೇಜಿನವರೂ ತಿರುಗಿ ನೋಡುವಷ್ಟು ಕಟುವಾಗಿತ್ತು ಅದು. ಪೇಂಟರ್ ಉದ್ದಕ್ಕೆ ಉಸಿರೆಳೆದುಕೊಂಡರು.

"ಇದು ನೀರು" ಎಂದರು.

ಅವಳು ಬಟ್ಟಲನ್ನು ಮೇಜಿನ ಮೇಲಿಟ್ಟಳು. ಆ ಸದ್ದಿಗೆ ಅವರು ಕಣ್ಣು ತೆರೆದರು. ಬಟ್ಟಲನ್ನು ನೋಡಿದರು, ಅವಳ ಮುಖ ನೋಡಿದರು. ಬೆರಳು ಅದ್ದಿ ನಾಲಗೆಗೆ ಇಟ್ಟುಕೊಂಡು ಹುಳಿಗೆ ಮುಖ ಕಿವುಚಿದರು. ಆಮೇಲೆ ಬಟ್ಟಲನ್ನು ದೂರ ಸರಿಸಿ ಕಿಟಕಿಯ ಕಡೆಗೆ ತಿರುಗಿದರು.

"ಐದು ತಿಂಗಳ ಹಿಂದೆ ಜ್ವರ ಬಂದಿತ್ತು" ಎಂದರು. "ಮೂಗು ಕಟ್ಟಿತ್ತು. ಬಿಡುತ್ತೆ ಅಂದ್ಕೊಂಡೆ. ಬಿಟ್ಟಿತು ಕೂಡ. ಆದರೆ..." ಅವರು ಜೇಬಿನ ಪೆನ್ನನ್ನು ಹೊರತೆಗೆದು ಮತ್ತೆ ಒಳಗಿಟ್ಟರು. "ಗೊತ್ತಿತ್ತೋ ಏನೋ ತಾಯಿ. ಗೊತ್ತಿಲ್ಲದವನ ಹಾಗೆ ಇದ್ದೆ. ನಲವತ್ತು ವರ್ಷ ಟರ್ಪೆಂಟೈನ್ ಎಣ್ಣೆಯ ವಾಸನೆ ನಡುವೆ ಬದುಕಿದೋನು ನಾನು. ಮೊನ್ನೆ ಡಬ್ಬ ತೆಗೆದ್ರೆ ಏನೂ ಇಲ್ಲ. ಡಬ್ಬ ಹಳೇದು, ಆರಿಹೋಗಿದೆ ಅಂತ ನನಗೇ ಸಮಾಧಾನ ಹೇಳ್ಕೊಂಡೆ."

"ಮನೇಲಿ ಯಾರಿಗೂ ಹೇಳಲಿಲ್ವಾ?"

ಆಗ ಆ ಮಾತು ಹೊರಬಂತು. ಮನೆಯಲ್ಲಿದ್ದದ್ದು ಅವರು ಮತ್ತು ಅವರ ತಂಗಿ, ಇಬ್ಬರೇ. ಹೆಂಡತಿ ತೀರಿಕೊಂಡ ಮೇಲೆ ತಂಗಿಯೇ ಬಂದು ಮನೆ ನೋಡಿಕೊಂಡವಳು. ಅವಳ ಕೈಗುಣವನ್ನು ಬೀದಿಯವರೆಲ್ಲ ಹೊಗಳುತ್ತಿದ್ದರು. ಜ್ವರ ಬಿಟ್ಟ ಮೇಲೆ ಅಣ್ಣನಿಗೆ ಅವಳ ಅಡುಗೆ ದಿನದಿನಕ್ಕೂ ಸಪ್ಪೆಯಾಗುತ್ತಾ ಬಂತು. ಮೊದಲು ತಟ್ಟೆ ದೂಡಿದರು. ಆಮೇಲೆ ಮಾತಿನಿಂದ ಅವಳನ್ನೇ ದೂಡಿದರು.

"'ನಿನ್ನ ಕೈ ಸತ್ತುಹೋಗಿದೆ, ನನಗೆ ಅಂತ ಮಾಡೋಕೆ ನಿನಗೆ ಮನಸ್ಸೇ ಇಲ್ಲ' ಅಂದುಬಿಟ್ಟೆ. ಅವಳು ಅವತ್ತಿನಿಂದ ನನ್ನ ಪಾಲಿಗೆ ಒಲೆ ಹಚ್ಚಿಲ್ಲ. ಮಾತೂ ಇಲ್ಲ. ಒಂದೇ ಮನೇಲಿ ಇಬ್ಬರೂ ಗೋಡೆ ಸವರಿಕೊಂಡು ಓಡಾಡ್ತೀವಿ." ಅವರು ನಗಲು ನೋಡಿದರು. "ಕುಣಿಯಲಾರದವನು ನೆಲ ಡೊಂಕು ಅಂದ ಹಾಗಾಯ್ತು. ಮೂಗು ನಂದು ಹಾಳಾಗಿ, ಬೈಗುಳ ಅವಳಿಗೆ. ಆಮೇಲೆ ನಿಮಗೆ."

ಮ್ಯಾನೇಜರಿಗೆ ತಟ್ಟನೆ ಇನ್ನೊಂದು ಹೊಳೆಯಿತು. "ಸರ್, ಮನೇಲಿ ಗ್ಯಾಸ್ ಒಲೆನಾ?"

"ಹೌದು. ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ನಾನೇ ಟೀ ಕಾಯಿಸ್ಕೊಳ್ತೀನಿ..." ಎನ್ನುತ್ತಲೇ ಅವರ ಮುಖ ಬಿಳುಚಿತು. ಗ್ಯಾಸು ಸೋರಿದರೂ ತಮಗೆ ತಿಳಿಯುವುದಿಲ್ಲ ಎಂಬುದು ಅವರಿಗೆ ಆಗಲೇ ಅರ್ಥವಾದದ್ದು.

"ಇವತ್ತೇ ತಂಗಿಗೆ ಹೇಳಬೇಕು ಸರ್. ನಾಳೆ ಅಲ್ಲ."

"ಯಾವ ಮುಖ ಇಟ್ಕೊಂಡು ಹೇಳಲಿ? ನೀವೇ ಒಂದು ಫೋನ್ ಮಾಡಿ ಹೇಳಿಬಿಡಿ ತಾಯಿ."

"ಅದಾಗಲ್ಲ" ಎಂದಳು ಮ್ಯಾನೇಜರ್. ದನಿ ಗಟ್ಟಿಯಾಗಿತ್ತು, ಆದರೆ ಕಟುವಾಗಿರಲಿಲ್ಲ. "ಬಾಯಲ್ಲಿ ಹೇಳೋಕೆ ಆಗದಿದ್ರೆ ಬರೀರಿ. ನಮ್ಮ ಮೇಲೆ ಹತ್ತೊಂಬತ್ತು ಕಾರ್ಡು ಬರೆದ ಕೈಗೆ ತಂಗಿಗೆ ಒಂದು ಬರೆಯೋದು ಕಷ್ಟನಾ?"

ಅವಳೇ ಎದ್ದು ಹೋಗಿ ಒಂದಿಷ್ಟು ಖಾಲಿ ಕಾರ್ಡು ತಂದಿಟ್ಟಳು. ಪೇಂಟರ್ ಬರೆದರು, ಹರಿದರು, ಮತ್ತೆ ಬರೆದರು. ಮೇಜಿನ ಮೇಲೆ ಚೂರುಗಳ ಗುಡ್ಡೆ ಬೆಳೆಯಿತು. ನಾಲ್ಕನೆಯ ಕಾರ್ಡನ್ನು ಓದಿ, ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು ಎದ್ದರು. ಆ ದಿನ ಅವರು ಏನನ್ನೂ ತಿನ್ನಲಿಲ್ಲ. ಡಬ್ಬಿಗೂ ಏನನ್ನೂ ಹಾಕಲಿಲ್ಲ.

ಸೋಮವಾರ ಅವರ ಸುಳಿವಿರಲಿಲ್ಲ. ಬದಲಿಗೆ ಹೆಡ್ ಆಫೀಸಿನ ಸಾಹೇಬರ ಫೋನು ಬಂತು. ಮೂವತ್ತೆಂಟನೆಯ ಸ್ಥಾನಕ್ಕೆ ಕಾರಣ ಏನು ಎಂದು ಅವರು ಕೇಳಿದರು. ಅವಳು ನಡೆದದ್ದನ್ನೆಲ್ಲ ಹೇಳಿದಳು.

"ಒಳ್ಳೇದೇ ಆಯ್ತಲ್ಲ!" ಎಂದರು ಸಾಹೇಬರು. "ರುಚಿಯೇ ಗೊತ್ತಾಗದವರ ಅಭಿಪ್ರಾಯ ಲೆಕ್ಕಕ್ಕೆ ಬರಲ್ಲ. ಆ ಕಾರ್ಡೆಲ್ಲ ತೆಗೆದುಹಾಕಿ. ಒಂದೇ ಏಟಿಗೆ ನೀವು ಇಪ್ಪತ್ತರ ಒಳಗೆ ಬರ್ತೀರಿ."

ಕಾರ್ಡುಗಳು ಅವಳ ಮುಂದೆಯೇ ಇದ್ದವು. ಒಂದು ಕ್ಷಣ ಅವಳ ಮನಸ್ಸು ಜಾರಿದ್ದೂ ನಿಜ. ಆದರೆ ಹನ್ನೊಂದು ವರ್ಷ ಬ್ರೆಡ್ಡು ಮುಟ್ಟಿದ ಕೈ ಅವಳದು.

"ಬೇಡ ಸರ್, ಇರಲಿ" ಎಂದಳು. "ಅವರಿಗೆ ವಾಸನೆ ತಿಳಿಯಲ್ಲ, ಹಲ್ಲಿಗೆ ನಾಲಗೆಗೆ ಎಲ್ಲ ತಿಳಿಯುತ್ತೆ. ಬ್ರೆಡ್ಡು ರಟ್ಟು ಅಂದಿದಾರೆ, ಮಧ್ಯಾಹ್ನದ ಹೊತ್ತಿಗೆ ಅದು ರಟ್ಟೇ ಆಗಿರುತ್ತೆ. ನಾವು ಬೆಳಿಗ್ಗೆ ಆರಕ್ಕೇ ಎಲ್ಲ ಸೀಳಿ ಇಡ್ತೀವಿ. ಟೊಮೆಟೊ ಫ್ರಿಜ್ಜಿನಿಂದ ನೇರ ಹಾಕ್ತೀವಿ, ಹಲ್ಲು ಜುಮ್ಮನ್ನುತ್ತೆ. ಬೇರೆ ಯಾರೂ ಹೇಳಲಿಲ್ಲ, ಅವರು ಹೇಳಿದರು. ಕಾರ್ಡು ತೆಗೆಯೋ ಬದಲು ತಪ್ಪು ತೆಗೀತೀನಿ. ಒಂದೆರಡು ತಿಂಗಳು ಟೈಮ್ ಕೊಡಿ."

ಆ ಕಡೆಯಿಂದ ಒಂದು ನಿಟ್ಟುಸಿರು. "ನಿಮ್ಮಿಷ್ಟ. ಆಮೇಲೆ ನನ್ನನ್ನ ಬೈಬಾರದು."

ಅಂದಿನಿಂದ ಬ್ರೆಡ್ಡನ್ನು ಗಿರಾಕಿ ಕೇಳಿದ ಮೇಲಷ್ಟೇ ಸೀಳುವುದೆಂದು ಆಯಿತು. ಟೊಮೆಟೊ ಅರ್ಧ ಗಂಟೆ ಮುಂಚೆ ಹೊರಗೆ ಬಂದು ಕೂರತೊಡಗಿತು. ಒಗ್ಗರಣೆ ಅಕ್ಕ ಎರಡು ದಿನ ಗೊಣಗಿ, ಮೂರನೆಯ ದಿನದಿಂದ ಇದೆಲ್ಲ ತನ್ನದೇ ಉಪಾಯ ಎಂದು ಬೀದಿಯಲ್ಲಿ ಹೇಳಿಕೊಂಡು ತಿರುಗಿದಳು.

ಹತ್ತು ದಿನ ಕಳೆದು ಪೇಂಟರ್ ಬಂದರು. ಜೊತೆಗೆ ಒಬ್ಬಳು ಹೆಂಗಸು, ಅದೇ ಚೂಪು ಮೂಗು, ಅದೇ ಗಂಟುಹುಬ್ಬು. ಪರಿಚಯ ಮಾಡಿಕೊಡುವ ಅಗತ್ಯವೇ ಇರಲಿಲ್ಲ.

"ನೀವೇನಾ?" ಎಂದಳು ತಂಗಿ, ಕೌಂಟರಿನ ಮೇಲಿಂದಲೇ ಮ್ಯಾನೇಜರ್ ಕೈ ಹಿಡಿದುಕೊಂಡು. "ಐದು ತಿಂಗಳು ನನ್ನ ಕೈಯನ್ನ ನಾನೇ ನಂಬದ ಹಾಗೆ ಮಾಡಿದಾರೆ ನಮ್ಮಣ್ಣ. ಉಪ್ಪು ಜಾಸ್ತಿ ಹಾಕಿದೆ, ಖಾರ ಜಾಸ್ತಿ ಹಾಕಿದೆ, ಪಕ್ಕದ ಮನೆಯವರಿಗೆ ಕೊಟ್ಟು ರುಚಿ ಕೇಳಿದೆ. ನನಗೇ ವಯಸ್ಸಾಯ್ತು ಅಂತ ಕೂತು ಅತ್ತೆ ಕಣ್ರೀ!"

"ಅತ್ತಿದ್ದು ನನಗೆ ಎಲ್ಲಿ ಕಾಣಿಸ್ತು? ನೀನು ಬಾಗಿಲು ಹಾಕ್ಕೊಂಡಿದ್ದೆ" ಎಂದರು ಅಣ್ಣ, ಮೆಲ್ಲಗೆ.

"ತಟ್ಟಬಹುದಿತ್ತು."

ಅವರು ತಲೆ ತಗ್ಗಿಸಿದರು. ತಂಗಿ ಅವರ ಅಂಗಿಯ ಭುಜದ ಮೇಲಿನ ದಾರದ ಎಳೆಯನ್ನು ತೆಗೆದುಹಾಕಿದಳು. ಜಗಳ ಮುಗಿದಿತ್ತು ಎಂಬುದು ನೋಡಿದವರಿಗೆಲ್ಲ ತಿಳಿಯಿತು.

ಇಬ್ಬರೂ ಡಾಕ್ಟರ ಹತ್ತಿರ ಹೋಗಿ ಬಂದಿದ್ದರು. ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು ಎಂದಿದ್ದರಂತೆ ಡಾಕ್ಟರು. ಕಾಫಿ ಪುಡಿ, ನಿಂಬೆ ಸಿಪ್ಪೆ, ಲವಂಗ, ಗುಲಾಬಿ, ಈ ನಾಲ್ಕನ್ನು ಸಣ್ಣ ಸೀಸೆಗಳಲ್ಲಿಟ್ಟು ದಿನಕ್ಕೆರಡು ಸಲ ನೆನಪು ಮಾಡಿಕೊಂಡು ಮೂಸಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆಗೆ ಗ್ಯಾಸು ಸೋರಿದರೆ ಕೂಗುವ ಯಂತ್ರವೂ ಬಂದಿತ್ತು.

"ಅಲ್ಲಿಯವರೆಗೆ ಇವರಿಗೆ ಊಟ ಸೇರೋದು ಹೇಗೆ, ನೀವೇ ಹೇಳಿ" ಎಂದಳು ತಂಗಿ.

ಮ್ಯಾನೇಜರ್ ಕೈ ತೊಳೆದುಕೊಂಡು ತಾನೇ ನಿಂತಳು. ಬಿಸಿ ಬ್ರೆಡ್ಡಿನೊಳಗೆ ತಣ್ಣನೆಯ ಸೌತೆಕಾಯಿ, ಕರುಮ್ ಎನ್ನುವ ಈರುಳ್ಳಿ, ವಿನೆಗರಿನಲ್ಲಿ ನೆನೆದ ಮೆಣಸಿನಕಾಯಿ, ಮೇಲೆ ಹುರಿದ ಶೇಂಗಾ. ತಂಗಿ ಪಕ್ಕದಲ್ಲಿ ನಿಂತು ಒಂದೊಂದನ್ನೂ ನೋಡಿಕೊಂಡಳು, ಪಾಠ ಬರೆದುಕೊಳ್ಳುವವಳ ಹಾಗೆ. ಪೇಂಟರ್ ನಿಧಾನವಾಗಿ ಜಗಿದರು. ಕಣ್ಣು ಮುಚ್ಚಿಕೊಂಡೇ ಜಗಿದರು.

"ರುಚಿ ಇಲ್ಲ" ಎಂದರು. ಒಗ್ಗರಣೆ ಅಕ್ಕ ಹಣೆ ಚಚ್ಚಿಕೊಂಡಳು. "ಆದ್ರೆ ಬಾಯಲ್ಲಿ ಏನೋ ನಡೀತಾ ಇದೆ. ಬಹಳ ದಿನ ಆಗಿತ್ತು."

ಆಮೇಲೆ ಅಣ್ಣ ತಂಗಿ ಇಬ್ಬರೂ ಭಾನುವಾರ ಭಾನುವಾರ ಬರುವುದು ರೂಢಿಯಾಯಿತು. ಉಳಿದ ದಿನ ಮನೆಯಲ್ಲೇ ಊಟ. ಮೂರು ತಿಂಗಳಲ್ಲಿ ಅಂಗಡಿ ಇಪ್ಪತ್ತಾರನೆಯ ಸ್ಥಾನಕ್ಕೆ ಬಂದಿತ್ತು. ಸಾಹೇಬರು ಫೋನಿನಲ್ಲಿ ಹೊಗಳಲಿಲ್ಲ, ಬೈಯಲೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಬಂದವರು ತಿನ್ನುವ ಮೊದಲು ಸೀಸೆಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮನೆಯಲ್ಲಿ ಅಂದಿನ ಅಭ್ಯಾಸ ತಪ್ಪಿತ್ತು. ಕಾಫಿಗೆ ಪೇಂಟರ್ ತಲೆಯಾಡಿಸಿದರು, ಇಲ್ಲ. ನಿಂಬೆಗೂ ಇಲ್ಲ. ಲವಂಗದ ಸೀಸೆಯನ್ನು ಮೂಗಿಗೆ ಹಿಡಿದವರು ಹಾಗೇ ನಿಂತುಬಿಟ್ಟರು.

"ಏನೋ ಇದೆ."

"ಏನು?" ಎಂದಳು ತಂಗಿ. ಮ್ಯಾನೇಜರ್ ಕೈಯಲ್ಲಿದ್ದ ಬಟ್ಟೆಯೊಂದಿಗೇ ಹತ್ತಿರ ಬಂದಳು.

"ಗೊತ್ತಿಲ್ಲ. ಸುಟ್ಟ ರಬ್ಬರಿನ ಹಾಗೆ. ಥೂ, ಕೆಟ್ಟದಾಗಿದೆ."

ತಂಗಿಯ ಮುಖ ಬಾಡಿತು. ಆದರೆ ಪೇಂಟರ್ ಜೋರಾಗಿ ನಕ್ಕರು. ಅವರು ನಗುವುದನ್ನು ಆ ಅಂಗಡಿ ಅದೇ ಮೊದಲು ಕೇಳಿದ್ದು.

"ಮುಖ ಯಾಕೆ ಸಣ್ಣ ಮಾಡ್ತೀಯಾ? ಡಾಕ್ಟರು ಹೇಳಿರಲಿಲ್ವಾ, ಬರುವಾಗ ಮೊದಲು ಅಡ್ಡಾದಿಡ್ಡಿ ಬರುತ್ತೆ ಅಂತ? ನಿನ್ನೆವರೆಗೆ ಏನೂ ಇರಲಿಲ್ಲ ಕಣೇ. ಇವತ್ತು ಕೆಟ್ಟದ್ದಾದರೂ ಇದೆ."

ಅವರು ಮತ್ತೆ ಮೂಸಿದರು, ಮತ್ತೊಮ್ಮೆ ಮೂಸಿದರು. ತಂಗಿ ಸೀಸೆಯನ್ನು ಕಿತ್ತುಕೊಳ್ಳಲು ಹೋದಳು. "ಸಾಕು, ಒಂದೇ ದಿನಕ್ಕೆ ಎಲ್ಲ ಖರ್ಚು ಮಾಡಬೇಡ!" ಅವರು ಬಿಡಲಿಲ್ಲ. ಎರಡೂ ಕೈಯಲ್ಲಿ ಸೀಸೆ ಹಿಡಿದುಕೊಂಡು, ಮಗುವಿನ ಹಾಗೆ ಹಠ ಮಾಡುತ್ತಾ, "ಇನ್ನೊಂದಿದೆಯಲ್ಲ, ಗುಲಾಬಿ, ಅದನ್ನೂ ಕೊಡು ನೋಡೋಣ" ಎಂದರು.