ಕ್ಲಚ್ ಅವಳದು, ಗೇರ್ ಅವನದು

ಎಲ್ಲಿಂದ ಶುರು ಮಾಡಲಿ? ಮೊದಲ ಡ್ರಾಫ್ಟ್ ಇಂಜಿನ್ ಸದ್ದಿನಿಂದ ಶುರುವಾಗಿತ್ತು. ಆ ಸದ್ದನ್ನು ಅಕ್ಷರಕ್ಕಿಳಿಸಲು ಹೋಗಿ ‘ಬ್ರೂಂ’ ಎಂದು ಬರೆದು, ನನಗೇ ನಾಚಿಕೆಯಾಗಿ ಅಳಿಸಿದೆ. ಎರಡನೆಯದು ವಿಚ್ಛೇದನದ ಅರ್ಜಿಯಿಂದ ಶುರುವಾಗಿತ್ತು. ನೀವು ಆಗಲೇ ಮುಖ ಸಪ್ಪೆ ಮಾಡಿಕೊಳ್ಳುತ್ತೀರಿ ಅನಿಸಿ ಅದನ್ನೂ ಬಿಟ್ಟೆ. ನೇರವಾಗಿ ಹೇಳಿಬಿಡುತ್ತೇನೆ: ಸೋಮವಾರಪೇಟೆಯ ಶಿವಪ್ರಕಾಶ್ ಮತ್ತು ಅವನ ಹೆಂಡತಿ ಸುಮಿತಾ ಗೇರ್‌ಬಾಕ್ಸ್ ವಿಚಾರಕ್ಕೆ ಜಗಳವಾಡಿ ಬೇರೆಯಾಗಲು ಹೊರಟಿದ್ದರು.

(ನಂಬುವುದಿಲ್ಲ ಅಲ್ಲವೇ? ನಾನೂ ನಂಬಲಿಲ್ಲ. ಮರ್ಯಾದಸ್ಥ ಕಾರಣವೊಂದಿರಲಿ ಎಂದು ಶಿವಪ್ರಕಾಶನಿಗೆ ಮೈಸೂರಿನಲ್ಲೊಂದು ಸಂಬಂಧ ಕಟ್ಟಿಕೊಟ್ಟೆ. ಅವನು ಬೆವರಿದ. ಸುಮಿತಾ ಆ ಪ್ಯಾರಾ ಓದಿ ನಕ್ಕು, ಇವರಿಗೆ ಅಷ್ಟೆಲ್ಲ ಪುರುಸೊತ್ತಿಲ್ಲ, ಹೊಡೆದುಹಾಕಿ ಎಂದಳು. ಹೊಡೆದುಹಾಕಿದೆ.)

೧. ಸುಮಿತಾ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ರಜೆಯಲ್ಲಿ ಆಟೋಕ್ರಾಸ್ ಕಾರು ಸ್ಪರ್ಧೆಗಳಲ್ಲಿ ಕೆಸರೆಬ್ಬಿಸುವವಳು. ಅವಳದು ಹಳೆಯ, ಎರಡೇ ಸೀಟಿನ, ಕೈಯಿಂದ ಗೇರ್ ಹಾಕುವ ಸ್ಪೋರ್ಟ್ಸ್ ಕಾರು. ಶಿವಪ್ರಕಾಶ್ ಕಾಫಿ ವ್ಯಾಪಾರಿ. ಅವನ ಪ್ರಕಾರ ಆಟೋಮ್ಯಾಟಿಕ್ ಎಂದರೆ ನಾಗರಿಕತೆ. ಈ ಕಾಲದಲ್ಲಿ ಕೈಯಿಂದ ಗೇರ್ ಹಾಕುವುದು, ಮಿಕ್ಸಿ ಇಟ್ಟುಕೊಂಡು ಒರಳಲ್ಲಿ ರುಬ್ಬಿದ ಹಾಗೆ. ಅವಳ ಪ್ರಕಾರ ಆಟೋಮ್ಯಾಟಿಕ್ ಓಡಿಸುವವರು ಡ್ರೈವರ್‌ಗಳೇ ಅಲ್ಲ, ಸ್ಟೀರಿಂಗ್ ಹಿಡಿದುಕೊಂಡ ಪ್ಯಾಸೆಂಜರ್‌ಗಳು.

ಇಲ್ಲಿಯವರೆಗೆ ಅದು ಊಟದ ಹೊತ್ತಿನ ಜಗಳ. ಆದರೆ ಅವಳ ಹುಟ್ಟುಹಬ್ಬದ ದಿನ ಅವನು ಹೊಸ ಆಟೋಮ್ಯಾಟಿಕ್ ಸ್ಪೋರ್ಟ್ಸ್ ಕಾರೊಂದನ್ನು ತಂದು ನಿಲ್ಲಿಸಿ, ಹಳೆಯದನ್ನು ಎಕ್ಸ್‌ಚೇಂಜಿಗೆ ಮಾತಾಡಿ ಬಂದಿದ್ದೇನೆ ಎಂದ. ಅವಳನ್ನು ಕೇಳಿರಲಿಲ್ಲ. ಅವಳು ಹಳೆಯ ಕಾರಿನ ಕೀಯನ್ನು ಕೊರಳ ಸರಕ್ಕೆ ಸಿಕ್ಕಿಸಿಕೊಂಡು, ಹಾಸಿಗೆ ಸಮೇತ ಮನೆಯ ಹಿಂಭಾಗಕ್ಕೆ ಹೋದಳು. ವರ್ಷ ಕಳೆದರೂ ಮುಂಭಾಗಕ್ಕೆ ಬರಲಿಲ್ಲ.

೨. ಮಡಿಕೇರಿಯಲ್ಲಿ ಕೋರ್ಟಿನ ಮೀಡಿಯೇಟರ್ ಮೇಡಂ ಇಬ್ಬರನ್ನೂ ಕರೆದಿದ್ದ ದಿನ, ನಾಗರಿಕತೆ, ಅಂದರೆ ಆ ಹೊಸ ಕಾರು, ಶೆಡ್ಡಿನಲ್ಲೇ ಕೈಕೊಟ್ಟಿತು. ಪಾರ್ಕಿಂಗಿನ ‘ಪಿ’ಯಲ್ಲಿ ನಿಂತ ಕಾರು ಅಲ್ಲಿಂದ ಕದಲಲಿಲ್ಲ, ಸರ್ವಿಸ್ ಸೆಂಟರ್ ಸಂಪರ್ಕಿಸಿ ಎಂದು ಪರದೆಯ ಮೇಲೆ ವಿನಯದಿಂದ ಬೇಡಿಕೊಂಡಿತು. ಉಳಿದದ್ದು ಅವಳ ಕಾರು. ಆದರೆ ಕಾಫಿ ಒಣಗಿಸುವ ಕಣದಲ್ಲಿ ಜಾರಿಬಿದ್ದು ಅವಳ ಎಡಗೈಗೆ ಪ್ಲಾಸ್ಟರ್ ಬಿದ್ದಿತ್ತು.

(ಬಸ್ಸಿರಲಿಲ್ಲವೇ ಎನ್ನುತ್ತೀರಿ. ಇತ್ತು. ನಾನೇ ಬೇಗ ಕಳಿಸಿಬಿಟ್ಟೆ. ಕಥೆ ಬರೆಯುವವನಿಗೆ ಅಷ್ಟೂ ಅಧಿಕಾರ ಬೇಡವೇ?)

ಶಿವಪ್ರಕಾಶನನ್ನು ಡ್ರೈವರ್ ಸೀಟಿನಲ್ಲಿ ಕೂರಿಸುವ ಮಾತೇ ಇರಲಿಲ್ಲ. ಹಿಂದೊಮ್ಮೆ ಅವನು ಆ ಕಾರಿನ ಕ್ಲಚ್ ಸುಟ್ಟಿದ್ದ. ಕೊನೆಗೆ ಒಪ್ಪಂದವಾಯಿತು. ಸ್ಟೀರಿಂಗ್ ಮತ್ತು ಪೆಡಲ್‌ಗಳು ಅವಳದು. ಗೇರ್ ಮತ್ತು ಹ್ಯಾಂಡ್‌ಬ್ರೇಕ್ ಎಡಕ್ಕೆ ಕೂತ ಅವನದು. ಅವಳು ಕ್ಲಚ್ ಒತ್ತಿ ಹೇಳಬೇಕು, ಅವನು ಹಾಕಬೇಕು. (ಪೊಲೀಸರು ಓದುತ್ತಿದ್ದರೆ, ಇದು ಕಟ್ಟುಕಥೆ.)

ವರ್ಷದಿಂದ ಮಾತಿಲ್ಲದ ಗಂಡಹೆಂಡತಿ ಪೇಟೆಯ ನಡುವೆ ಒಂದು, ಎರಡು, ಎರಡು ಅಂದೆ, ಎನ್ನುತ್ತಾ ಹೊರಟರು. ಮೊದಮೊದಲು ಗೇರ್ ಕರಕರ ಹಲ್ಲು ಕಡಿಯಿತು. ಮಾದಾಪುರ ಬರುವಷ್ಟರಲ್ಲಿ ಸದ್ದು ನಿಂತಿತ್ತು. ಶಿವಪ್ರಕಾಶನಿಗೆ ಒಳಗೊಳಗೇ ಖುಷಿ. ಅದನ್ನು ಬರೆಯಬೇಡಿ ಎಂದು ಅವನು ಕೇಳಿಕೊಂಡಿದ್ದ.

೩. ಖುಷಿಯೇ ಕೆಲಸ ಕೆಡಿಸಿತು. ಮಾದಾಪುರ ದಾಟಿದ ಮೇಲೆ ಏರು. ಕಡಿದಾದ ತಿರುವೊಂದರಲ್ಲಿ ಅವಳು ಕ್ಲಚ್ ಒತ್ತಿದಳು. ಬಾಯಿ ತೆರೆಯುವ ಮೊದಲೇ ಅವನು ನಾಲ್ಕಕ್ಕೆ ಎಳೆದ. ಕಾರು ನಡುಗಿ, ಆಫ್ ಆಗಿ, ಹಿಂದಕ್ಕೆ ಜಾರತೊಡಗಿತು. ಹಿಂದೆ ಇನ್ನೊಂದು ಬಸ್ಸು. ಅವಳು ಬ್ರೇಕ್ ತುಳಿದಳು, ಅವನು ಹ್ಯಾಂಡ್‌ಬ್ರೇಕ್ ಜಗ್ಗಿದ. ಕಾರು ನಿಂತಿತು. ಇಬ್ಬರ ಉಸಿರೂ ನಿಂತಿತ್ತು.

“ನಾನು ಎರಡು ಹೇಳೋಳಿದ್ದೆ.”

“ನಂಗೆ ಗೊತ್ತಾಯ್ತು ಅನ್ಕೊಂಡೆ.”

“ನಿಮಗೆ ಯಾವಾಗ್ಲೂ ಗೊತ್ತಾಗ್ಬಿಡತ್ತೆ ಕಣ್ರೀ. ನನ್ನ ಬರ್ತ್‌ಡೇಗೂ ಹಂಗೇ ಗೊತ್ತಾಗಿತ್ತು. ನಾನು ಹೇಳೋ ತನಕ ಒಂಚೂರು ಕಾಯಿರಿ ಅಂದ್ರೆ ನಿಮ್ಮ ಕೈಲಿ ಆಗಲ್ವ?”

ಇಲ್ಲಿ ನಾನು ಅವನ ಕಣ್ಣಲ್ಲಿ ನೀರು ಬರೆದೆ. ಹಿಂದೆ ಬಸ್ಸಿದೆ, ಅದೆಲ್ಲ ಆಮೇಲೆ ಎಂದು ಅವನೇ ಒರೆಸಿಹಾಕಿದ. ಕಂಡಕ್ಟರ್ ಇಳಿದು ಬಂದು ತಳ್ಳಬೇಕಾ ಎಂದು ಕೇಳಿದ. ಬೇಡವೆಂದು ಕೈಯಾಡಿಸಿ, ಶಿವಪ್ರಕಾಶ್ ಮೆಲ್ಲಗೆ ಕೇಳಿದ: “ಎಷ್ಟು, ಸುಮಿ?”

“ಒಂದು.”

ಅಲ್ಲಿಂದ ಮಡಿಕೇರಿವರೆಗೆ ಪ್ರತಿ ತಿರುವಿನಲ್ಲೂ ಅವನು ಕೇಳಿದ. ನೇರ ರಸ್ತೆಯಲ್ಲೂ ಕೇಳಿದ. ಕೊನೆಕೊನೆಗೆ ಅವಳಿಗೆ ಸ್ವಲ್ಪ ರೇಜಿಗೆಯೂ ಆಯಿತು.

೪. ಇಷ್ಟು ದಿನ ಬೇರೆಯಿದ್ದವರು ಇವತ್ತು ಯಾವುದರಲ್ಲಿ ಬಂದಿರಿ ಎಂದು ಮೀಡಿಯೇಟರ್ ಮೇಡಂ ವಿಚಾರಿಸಿದರು. ಒಂದೇ ಕಾರಿನಲ್ಲಿ. ಯಾರು ಓಡಿಸಿದ್ದು? ನಾನು, ಎಂದು ಇಬ್ಬರೂ ಒಟ್ಟಿಗೇ ಹೇಳಿದರು. ಮೇಡಂ ಕನ್ನಡಕ ತೆಗೆದು ಒರೆಸಿದರು.

ಈಗ ಮುಕ್ತಾಯ. ಇಬ್ಬರೂ ಅರ್ಜಿ ಹರಿದುಹಾಕಿದರು ಎಂದು ಬರೆದೆ. ಒಂದು ಏರು ಹತ್ತಿದ ಮಾತ್ರಕ್ಕೆ ಸಂಸಾರ ಸರಿಹೋಯಿತಾ ಎಂದು ಸುಮಿತಾ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಸಹಿ ಮಾಡಿ ಬೇರೆಯಾದರು ಎಂದು ಬರೆದೆ. ಹಾಗಾದರೆ ವಾಪಸ್ ಹೋಗುವಾಗ ಗೇರ್ ಯಾರು ಹಾಕುವುದು ಎಂದು ಶಿವಪ್ರಕಾಶ್. ನಿಜವಾಗಿ ಆದದ್ದೆಂದರೆ, ಪ್ಲಾಸ್ಟರ್ ಬಿಚ್ಚುವವರೆಗೆ ಟೈಮ್ ಬೇಕು ಎಂದು ಇಬ್ಬರೂ ಕೇಳಿಕೊಂಡರು. ಪ್ಲಾಸ್ಟರಿಗೂ ವಿಚ್ಛೇದನಕ್ಕೂ ಏನು ಸಂಬಂಧ ಎಂದು ಮೇಡಂಗೆ ತಿಳಿಯಲಿಲ್ಲ. ಸಮಯ ಕೊಟ್ಟರು.

ಹೊರಗೆ ಕಾರು ಗೋಡೆಗೆ ಮುಖ ಮಾಡಿ ನಿಂತಿತ್ತು. ಹತ್ತಿ ಕೂತ ಮೇಲೆ, ಎಕ್ಸ್‌ಚೇಂಜಿಗೆ ಮೊದಲು ನಿನ್ನ ಕೇಳಬೇಕಿತ್ತು ಎಂದು ಶಿವಪ್ರಕಾಶ್ ಗೋಡೆ ನೋಡುತ್ತಲೇ ಹೇಳಿದ. ಸುಮಿತಾ ಸ್ಟಾರ್ಟ್ ಮಾಡಿ ಕ್ಲಚ್ ಒತ್ತಿದಳು. ಅವನು ಗೇರ್ ಮೇಲೆ ಕೈಯಿಟ್ಟ.

ರಿವರ್ಸ್, ಎಂದು ಬರೆಯಹೊರಟೆ. (ಸಂಕೇತವೆಂದು ಓದಬೇಡಿ. ಎದುರಿಗೆ ಗೋಡೆಯಿತ್ತು, ಅಷ್ಟೇ.) ಸುಮಿತಾ ತಿರುಗಿ ನನ್ನನ್ನೇ ನೋಡಿದಳು.

“ಹೇಳೋಳು ನಾನು. ನೀವೂ ಒಂಚೂರು ಕಾಯಿರಿ.”

ಇಂಜಿನ್ ಓಡುತ್ತಿದೆ. ಶಿವಪ್ರಕಾಶ್ ಕಾಯುತ್ತಿದ್ದಾನೆ. ನಾನೂ.