ಮೂಸಿ ನೋಡಿದ ವಿ.ಪಿ. ಪಾರ್ಸಲ್

1

ಗ್ಯಾನಮ್ಮ ಅರಗು ಕರಗಿಸಿ ಪಾರ್ಸಲ್ಲಿನ ಹೊಲಿಗೆಯ ಮೇಲೆ ಹನಿಸುತ್ತಿದ್ದಾಳೆ. ಒಂದು ಹನಿ, ಅದರ ಮೇಲೆ ಹಿತ್ತಾಳೆ ಗುಂಡಿಯ ಒತ್ತು. ಒಳಗಿರುವುದು ಅವಳೇ ಕಾಸಿದ ಕೂದಲೆಣ್ಣೆ.

ಕತೆ ಇಲ್ಲಿಂದಲೇ ಶುರುವಾಗಬೇಕೇ? ಅಂಚೆ ಕಚೇರಿಯಿಂದ ಶುರುಮಾಡಿದ್ದರೆ ಜಗಳ ಬೇಗ ಸಿಗುತ್ತಿತ್ತು. ಆದರೂ ಓದುಗರೇ, ಈ ಅರಗು ನೆನಪಿರಲಿ. ಎಲ್ಲ ಕೆಡುವುದು ಇದು ಒಡೆದಾಗ. (ಗುಟ್ಟನ್ನು ಮೊದಲೇ ಬಿಟ್ಟುಕೊಡುವುದು ಕೆಟ್ಟ ಕತೆಗಾರ್ತಿಯ ಲಕ್ಷಣವಂತೆ. ಇರಲಿ.)

2

ಮಸ್ಕಿ, 1991. ವಿ.ಪಿ. ಎಂದರೆ, ಮಾರುವವರು ಪಾರ್ಸಲ್ ಅಂಚೆಗೆ ಹಾಕುತ್ತಾರೆ, ಪೋಸ್ಟ್‌ಮನ್ ಮನೆ ಬಾಗಿಲಲ್ಲಿ ದುಡ್ಡು ಇಸಿದುಕೊಂಡು ಅದನ್ನು ಕೊಡುತ್ತಾನೆ, ದುಡ್ಡು ಮನಿಯಾರ್ಡರಾಗಿ ಮಾರಿದವರಿಗೆ ಬರುತ್ತದೆ. ಪತ್ರಿಕೆಯಲ್ಲಿ ಸಣ್ಣ ಜಾಹೀರಾತು ಕೊಟ್ಟ ಮೇಲೆ ಗ್ಯಾನಮ್ಮ ದಢೇಸುಗೂರಿನ ಗದ್ದೆಗಳಿಗೆ ನಾಟಿ ಕೂಲಿಗೆ ಹೋಗುವುದನ್ನು ಬಿಟ್ಟಿದ್ದಳು. ಪಾರ್ಸಲ್ ನಿಂತರೆ ಮತ್ತೆ ಅದೇ ಕೆಸರು.

ನಿಂತಿತು. ಪೋಸ್ಟ್ ಮಾಸ್ತರ್ ವೆಂಕೋಬ ಕಿಂಡಿಯಿಂದ ಪಾರ್ಸಲ್ಲನ್ನು ಹೊರಗೆ ದೂಡಿದ.

“ಎಣ್ಣಿ, ಗಡಿಯಾರ, ತಾಕತ್ತಿನ ಗುಳಿಗಿ, ಇವ್ಯಾವೂ ಇನ್ಮ್ಯಾಲೆ ವಿ.ಪಿ. ಇಲ್ಲವ್ವಾ.”

“ಯಾಕ್ರೀ ಸಾಹೇಬ್ರ, ನಾ ಏನ್ ಕಲ್ಲು ಕಟ್ಟಿ ಕಳಸೀನೇನ್ರಿ?”

ಲಿಂಗಸುಗೂರಿನವನೊಬ್ಬ ಗಡಿಯಾರದ ಡಬ್ಬಿಯಲ್ಲಿ ಕಲ್ಲು ಕಳಿಸಿದ್ದು ಇಬ್ಬರಿಗೂ ಗೊತ್ತಿತ್ತು.

2 (ಮತ್ತೆ)

ಮೊದಲ ಡ್ರಾಫ್ಟಿನಲ್ಲಿ ವೆಂಕೋಬನಿಗೆ ದಪ್ಪ ಮೀಸೆ, ಲಂಚದ ಆಸೆ ಕೊಟ್ಟಿದ್ದೆ. ಅವನು ಒಪ್ಪಲಿಲ್ಲ.

“ತಂಗಿ, ಮೀಸಿ ಇರ್ಲಿ, ಲಂಚ ತಗಿ. ಕಲ್ಲು ಕಳಿಸಿದಾವ ಲಿಂಗಸುಗೂರಾಗ ಆರಾಮ ಕುಂತಾನ. ಅಂಗಿ ಹಿಡಿಸ್ಕೊಂಡಾವ ನಮ್ಮ ಪೋಸ್ಟ್‌ಮನ್ ಇಸ್ಮಾಯಿಲ್‌ಸಾಬ್. ಮಂದಿಗಿ ಮಾರಿದಾವ ಯಾರಂತ ಗೊತ್ತಿಲ್ಲ, ರೊಕ್ಕ ಇಸ್ಕೊಂಡಾವ ಗೊತ್ತು. ನಾಳೆ ಕೂದ್ಲು ಬೆಳಿಲಿಲ್ಲ ಅಂದ್ರ ಯಾರ್ನ ಹಿಡಿತಾರ?”

ಲಂಚ ತೆಗೆದೆ. (ಈಗಿನ ಆನ್‌ಲೈನ್ ಪೇಮೆಂಟ್ ಕಂಪನಿಗಳು ಇಂಥ ವ್ಯಾಪಾರಿಗಳನ್ನು ‘ಹೈ ರಿಸ್ಕ್’ ಎನ್ನುತ್ತವೆ. ವೆಂಕೋಬ ‘ತಲೆನೋವು’ ಎನ್ನುತ್ತಿದ್ದ.)

4

(3 ಎಲ್ಲಿ? ಅದರಲ್ಲಿ ಗ್ಯಾನಮ್ಮ ಅಳುತ್ತಿದ್ದಳು. “ನಾ ಅಳಂಗಿಲ್ಲ” ಅಂದಳು. ಹರಿದೆ.)

ಸಂತೆಯಲ್ಲಿ ಬೆಲ್ಲವನ್ನು ಬಾಯಿಗೆ ಹಾಕಿಕೊಳ್ಳದೆ ಯಾರು ಕೊಳ್ಳುತ್ತಾರೆ? ಅದಕ್ಕೇ, ಪಾರ್ಸಲ್ ನಿಲ್ಲುವ ಮೊದಲು, ಗ್ಯಾನಮ್ಮ ಇಸ್ಮಾಯಿಲ್‌ಸಾಬ್‌ಗೆ ಹೇಳಿದ್ದಳು: “ಚಾಚಾ, ಅರಗು ಒಡೀರಿ. ಮೂಸಿ ನೋಡ್ಲಿ, ಆಮ್ಯಾಲೆ ರೊಕ್ಕ ಕೊಡ್ಲಿ.” ದುಡ್ಡು ಕೊಡುವ ಮೊದಲು ವಿ.ಪಿ. ಒಡೆಯಬಾರದೆಂಬ ಕಾಯಿದೆ ಸಂತೆಯ ರೂಢಿಯ ಮುಂದೆ ಇಬ್ಬರಿಗೂ ಸಣ್ಣದಾಗಿ ಕಂಡಿತು.

ತುರ್ವಿಹಾಳದ ಒಂದು ಮನೆಯವರು ಮೂಸಿದರು. ಹಚ್ಚಿಕೊಂಡರು. ಮನೆಮಂದಿಯೆಲ್ಲ ತಲೆ ಬಾಚಿಕೊಂಡು, “ವಾಸ್ನಿ ಭಾಳ ಚಲೋ ಐತಿ, ಆದ್ರ ಬ್ಯಾಡ್ರಿ” ಎಂದು ಅರ್ಧ ಸೀಸೆ ವಾಪಸ್ ಕಳಿಸಿದರು. ಅಂಚೆ ಚೀಲದಲ್ಲಿ ಎಣ್ಣೆ ಸೋರಿ ಯಾರದೋ ಲಗ್ನಪತ್ರಿಕೆಯೂ ಘಮಘಮಿಸಿತು.

“ಆತನ ಕಲ್ಲೂ ವಾಪಸ್ ಬಂತು, ನಿನ್ನ ಎಣ್ಣೀನೂ ವಾಪಸ್ ಬಂತು,” ಎಂದ ವೆಂಕೋಬ. “ಬೈಗಳ ಮಾತ್ರ ನಮಗ.”

ಗ್ಯಾನಮ್ಮ ಪಾರ್ಸಲ್ ಎತ್ತಿಕೊಂಡು ಮನೆಗೆ ಹೊರಟಳು. ನಾನೂ.

5

ಮುಗಿತಾಯಕ್ಕೆ ಬಂದೆವು. ಆರಿಸಿಕೊಳ್ಳಿ.

ಅ) ವೆಂಕೋಬನ ಹೆಂಡತಿ ಅದೇ ಎಣ್ಣೆ ಹಚ್ಚಿಕೊಂಡು, ಅವನ ಮನಸ್ಸು ಕರಗಿ... (ನಿಮಗೂ ನಗು ಬಂತು. ಬೇಡ.)

ಆ) ಗ್ಯಾನಮ್ಮ ಬುಟ್ಟಿ ಹೊತ್ತು ಸಿಂಧನೂರಿನ ಬಸ್ ಹತ್ತುತ್ತಾಳೆ. “ಬಸ್ಸಿನಾಗ ಮಾರಿದ್ರ ಬೆಳಗಾವ್ಯಾಗ ಇದ್ದೋರಿಗೆ ಹೆಂಗ ಮುಟ್ಟತೈತಿ ಬೇ? ಬರಿಯಾಕ ಕುಂತೀ, ಇಷ್ಟೂ ತಿಳಿಯಂಗಿಲ್ಲ?” ಎಂದು ನನಗೇ ಬೈಯುತ್ತಾಳೆ.

ಇ) ಇದನ್ನು ಅವಳೇ ಹಿಡಿದು ಬರೆಸಿದಳು. ಅವಳು ಮತ್ತೆ ಕಿಂಡಿಯ ಮುಂದೆ ನಿಂತಿದ್ದಾಳೆ. ಪಾರ್ಸಲ್ಲಿನ ಮೇಲೆ ಅವಳ ಹೆಸರು, ಓಣಿ, ಮನೆಯ ಗುರುತು, ಎಲ್ಲ ದೊಡ್ಡ ಅಕ್ಷರದಲ್ಲಿ.

“ಅರಗು ಇನ್ನ ಯಾರೂ ಒಡಿಯಂಗಿಲ್ಲ. ಎಣ್ಣಿ ಸರಿ ಇಲ್ಲ ಅಂದಾವ ಚಾಚಾನ ಅಂಗಿಗೆ ಕೈ ಹಾಕೂದು ಬ್ಯಾಡ, ನನ್ನ ಮನಿಗೆ ಬರ್ಲಿ. ಬೈಗಳ ನಾ ತಿಂತೀನಿ.”

ವೆಂಕೋಬನ ಕೈ ಅಂಚೆ ಮುದ್ರೆಯ ಮೇಲಿದೆ. ಅದನ್ನು ಎತ್ತಿಸಲು ನನಗೆ ಒಂದು ಸಾಲು ಸಾಕು. ಬರೆಯುವುದಿಲ್ಲ. ವೆಂಕೋಬನ ಹಿಂದೆ ನಿಂತಿರುವ ಇಸ್ಮಾಯಿಲ್‌ಸಾಬ್ ನೆಲ ನೋಡುತ್ತಲೇ ಬಾಯಿ ಬಿಡುತ್ತಾನೆ.

“ಇದೊಂದು ತೊಗೊಳ್ರಿ, ಸಾಹೇಬ್ರ.”